ಮಗು, ಪರೀಕ್ಷೆ, ಮ್ಯಾರಥಾನ್: ಮೂರರಲ್ಲಿ ಯಾವುದನ್ನು ಬಿಡಲಿ?

ಪ್ರಶ್ನೆ: ನನಗೆ 32 ವರ್ಷ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕನ ಕೆಲಸ. ಕೆಲಸ ಗಟ್ಟಿಯಾಗಬೇಕಾದರೆ ಕೆ-ಸೆಟ್ (ಉಪನ್ಯಾಸಕರಿಗೆ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಪಾಸಾಗಲೇಬೇಕು. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿದೆ, ನವೆಂಬರಿನಲ್ಲಿ. ಐದು ವರ್ಷಗಳಿಂದ ಓಡುತ್ತಿದ್ದೇನೆ. ಅರ್ಧ ಮ್ಯಾರಥಾನನ್ನು 1 ಗಂಟೆ 48 ನಿಮಿಷದಲ್ಲಿ ಮುಗಿಸಿದ್ದೇನೆ. ಬರುವ ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಬಾರಿಗೆ ಪೂರ್ಣ ಮ್ಯಾರಥಾನ್ ಓಡಲು ಶುಲ್ಕ ಕಟ್ಟಿದ್ದೇನೆ. ಹೆಂಡತಿ ಹೆರಿಗೆಗೆಂದು ಗದಗದ ತವರಿಗೆ ಹೋಗಿದ್ದಳು. ಮೂರು ತಿಂಗಳ ಬಾಣಂತನ ಮುಗಿಸಿ ಮಗುವಿನೊಂದಿಗೆ ಮನೆಗೆ ಬಂದು ಮೂರು ವಾರವಾಯಿತು. ಅವಳು ತವರಿನಲ್ಲಿದ್ದಾಗ ವಾರಕ್ಕೆ 60 ಕಿ.ಮೀ. ಓಡಿ, ದಿನಕ್ಕೆ ಮೂರು ಗಂಟೆ ಓದುತ್ತಿದ್ದೆ. ಈಗ ರಾತ್ರಿ ಮೂರು ಸಲ ಎಚ್ಚರ, ಒಟ್ಟು ನಿದ್ದೆ ನಾಲ್ಕೂವರೆ ಗಂಟೆ. ಆದರೂ 4.45ಕ್ಕೆ ಅಲಾರಂ ಇಟ್ಟು ಓಟಕ್ಕೆ ಹೋಗುತ್ತಿದ್ದೇನೆ. ಕಿಲೋಮೀಟರಿಗೆ 6 ನಿಮಿಷದಲ್ಲಿ ಆರಾಮವಾಗಿ ಓಡುತ್ತಿದ್ದವನಿಗೆ ಈಗ 6 ನಿಮಿಷ 40 ಸೆಕೆಂಡ್ ಬೇಕು, ಆದರೂ ಏದುಸಿರು. ಹತ್ತು ದಿನಗಳಿಂದ ಎಡ ಕಣಕಾಲಿನ ಎಲುಬಿನ ಒಂದೇ ಜಾಗದಲ್ಲಿ ನೋವಿದೆ, ಸಂಜೆ ಕುಳಿತಾಗಲೂ ಇರುತ್ತದೆ. ಓದಲು ಕುಳಿತರೆ ಒಂದೇ ಪುಟವನ್ನು ಮೂರು ಸಲ ತಿರುವುತ್ತೇನೆ. ಮೊನ್ನೆ ಹೆಂಡತಿ ಕೇಳಿದಳು: "ನೀವು ಓಡಿ ಬಂದು ಓದಲು ಕೂರುತ್ತೀರಿ. ನಾನು ಯಾವಾಗ ಮಲಗಲಿ?" ಓಟದ ಗೆಳೆಯರು ಹೇಳುವುದು ಒಂದು: ನಾಲ್ಕು ಗಂಟೆ ನಿದ್ದೆಗೆ ದೇಹ ಒಗ್ಗಿಕೊಳ್ಳುತ್ತದೆ, ಎರಡು ತಿಂಗಳು ಬಿಟ್ಟರೆ ಐದು ವರ್ಷದ ಶ್ರಮ ನೀರಿನಲ್ಲಿ ಹೋಮ. ಅಪ್ಪನಾದ ಮೇಲೆ ಹಾರ್ಮೋನು ಇಳಿದು ಓಟ ಕುಗ್ಗುತ್ತದೆ ಎಂದೂ ಒಬ್ಬರು ಹೆದರಿಸಿದ್ದಾರೆ. ಅಮ್ಮನ ಪ್ರಕಾರ ಮಗು ಹುಟ್ಟಿದವನಿಗೆ ಓಟವೇ ಬೇಡ. ಮೂರರಲ್ಲಿ ಯಾವುದನ್ನು ಬಿಡಬೇಕು? ಒಂದು ವೇಳಾಪಟ್ಟಿ ಹಾಕಿಕೊಡುವಿರಾ?

ಉತ್ತರ: ನೀವು ವೇಳಾಪಟ್ಟಿ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಕಾಲು. ಪತ್ರದ ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ ಆ ನೋವು ನನಗೆ ನಿಮ್ಮ ಮ್ಯಾರಥಾನಿಗಿಂತ ದೊಡ್ಡ ಸುದ್ದಿ.

ಓಟಗಾರರ ಕಣಕಾಲು ನೋವಿನಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಎಲುಬಿನ ಒಳ ಅಂಚಿನುದ್ದಕ್ಕೂ ಗೇಣುದ್ದ ಹರಡಿಕೊಂಡಿರುವ ನೋವು. ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ. ಇದು ಕಿರಿಕಿರಿಯದು, ಅಪಾಯದ್ದಲ್ಲ. ಇನ್ನೊಂದು, ಬೆರಳಿನಿಂದ ಒತ್ತಿ "ಇಲ್ಲಿಯೇ" ಎಂದು ತೋರಿಸಬಹುದಾದ ನೋವು. ಓಡಿದಷ್ಟೂ ಹೆಚ್ಚುತ್ತದೆ, ಕುಳಿತಾಗಲೂ ಬಿಡುವುದಿಲ್ಲ, ಆ ಕಾಲೊಂದರ ಮೇಲೆಯೇ ಕುಪ್ಪಳಿಸಿದರೆ ಚುಳ್ಳೆನ್ನುತ್ತದೆ. ಇದು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್ ಇರಬಹುದೆಂಬ ಎಚ್ಚರಿಕೆ. ನಿಮ್ಮ ವಿವರಣೆ ಎರಡನೆಯದಕ್ಕೆ ಹತ್ತಿರವಿದೆ. ಇಂದಿನಿಂದಲೇ ಓಟ ನಿಲ್ಲಿಸಿ. ಈ ವಾರವೇ ಮೂಳೆ ತಜ್ಞರನ್ನು ಕಾಣಿರಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌-ರೇಯಲ್ಲಿ ಕಾಣದೆ ಇರುವುದೇ ಹೆಚ್ಚು. "ಎಕ್ಸ್‌-ರೇ ಸರಿ ಇದೆ" ಎಂಬ ಮಾತಿನಿಂದ ಸಮಾಧಾನಗೊಂಡು ಓಡಿದವರನ್ನು ಆರು ವಾರದ ನಂತರ ಊರುಗೋಲಿನಲ್ಲಿ ನೋಡಿದ್ದೇನೆ. ಅನುಮಾನ ಉಳಿದರೆ ಎಂಆರ್‌ಐ ಬೇಕಾಗುತ್ತದೆ. ಬಿರುಕಿಲ್ಲ ಎಂದಾದರೆ ಎರಡು ವಾರದ ಬಿಡುವು ಸಾಕಾದೀತು. ಇದ್ದರೆ ಆರರಿಂದ ಎಂಟು ವಾರ. ಮುಂದೆ ನಾನು ಓಟದ ಬಗ್ಗೆ ಬರೆಯುವುದೆಲ್ಲ ಕಾಲು ಸರಿಯಾದ ಮೇಲಿನ ಮಾತು.

ಈಗ ನಿಮ್ಮ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ನೋಡೋಣ. ನಮ್ಮಲ್ಲಿ ಗಂಡಸು ಅಪ್ಪನಾಗುವುದು ಎರಡು ಕಂತುಗಳಲ್ಲಿ. ಹೆರಿಗೆಯಾದ ದಿನ ಆಸ್ಪತ್ರೆಯಲ್ಲಿ ಪೇಡೆ ಹಂಚುವುದು ಮೊದಲ ಕಂತು. ಧಾರವಾಡದಲ್ಲಂತೂ ಪೇಡೆಗೆ ಬರವಿಲ್ಲ. ಎರಡನೆಯ ಕಂತು, ಬಾಣಂತಿ ತವರಿನಿಂದ ತೊಟ್ಟಿಲ ಸಮೇತ ಮನೆಗೆ ಬರುವ ದಿನ. ನಡುವಿನ ಮೂರೋ ಐದೋ ತಿಂಗಳು ಅವನು ಕಾಗದದ ಮೇಲೆ ಅಪ್ಪ, ದಿನಚರಿಯಲ್ಲಿ ಬ್ರಹ್ಮಚಾರಿ. ವಾರಕ್ಕೆ 60 ಕಿ.ಮೀ., ದಿನಕ್ಕೆ ಮೂರು ಗಂಟೆ ಓದು ಎಂಬುದು ಆ ಬ್ರಹ್ಮಚಾರಿಯ ಸಾಧನೆ. ಅದನ್ನೇ ನಿಮ್ಮ ನಿಜವಾದ ಶಕ್ತಿ ಎಂದುಕೊಂಡು, ಈಗಿನ ಸ್ಥಿತಿಯನ್ನು ಕುಸಿತ ಎಂದು ಓದುತ್ತಿದ್ದೀರಿ. ಮಗು ಬಂದು ನಿಮ್ಮ ದಿನಚರಿ ಕೆಟ್ಟಿಲ್ಲ. ಮಗುವಿಲ್ಲದಾಗ ಕಟ್ಟಿದ ದಿನಚರಿ ಮಗುವಿರುವ ಮನೆಗೆ ಹೊಂದುತ್ತಿಲ್ಲ, ಅಷ್ಟೇ. ನನ್ನ ಚಿಕಿತ್ಸಾಲಯಕ್ಕೆ ಬರುವ ಹೊಸ ಅಪ್ಪಂದಿರಲ್ಲಿ ಅರ್ಧದಷ್ಟು ಮಂದಿ "ಮಗು ಮನೆಗೆ ಬಂದ ಮೇಲೆ" ಎಂದೇ ಮಾತು ಶುರು ಮಾಡುತ್ತಾರೆ. ಹುಟ್ಟಿದ ಮೇಲೆ ಎಂದಲ್ಲ.

ನೀವು ಗಂಟೆಗಳ ಕೊರತೆ ಎಂದುಕೊಂಡಿರುವುದು ಬಹುಪಾಲು ನಿದ್ದೆಯ ಕೊರತೆ. ಬಾವಿಯಿಂದ ಮೂರು ಕೊಡ ನೀರು ಸೇದಬೇಕು, ನೀರು ಬರುತ್ತಿಲ್ಲ ಎಂದು ಹಗ್ಗ ಉದ್ದ ಮಾಡುತ್ತಾ ಹೋಗುವವರಿದ್ದಾರೆ. ಬತ್ತಿರುವುದು ಸೆಲೆ. 4.45ರ ಅಲಾರಂ ನಿಮ್ಮ ಹಗ್ಗ.

ಸ್ನಾಯು, ಎಲುಬುಗಳ ದುರಸ್ತಿಗೆ ಬೇಕಾದ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಗಾಢ ನಿದ್ದೆಯ ಬಹುಭಾಗ ಇರುಳಿನ ಮೊದಲ ಮೂರನೇ ಒಂದು ಪಾಲಿನಲ್ಲಿ ಬರುತ್ತದೆ. ಕನಸಿನ ನಿದ್ದೆ ಹೆಚ್ಚುವುದು ಬೆಳಗಿನ ಜಾವಕ್ಕೆ. ಒಂದು ಸುತ್ತು ನಿದ್ದೆ ಸುಮಾರು 90 ನಿಮಿಷದ್ದು. ಮಲಗಿದ ಮೇಲೆ ಪ್ರತಿ ಗಂಟೆಗೊಮ್ಮೆ ಎದ್ದರೆ ಸುತ್ತು ಪೂರ್ತಿಯಾಗುವುದೇ ಇಲ್ಲ. ಹಾಗಾಗಿ ತುಂಡು ತುಂಡಾದ ನಾಲ್ಕೂವರೆ ಗಂಟೆಯೂ ಒಂದೇ ಸಮನೆ ಮಲಗಿದ ನಾಲ್ಕೂವರೆ ಗಂಟೆಯೂ ಒಂದೇ ಅಲ್ಲ. ಹಗಲು ಓದಿದ್ದು ಮಿದುಳಿನಲ್ಲಿ ನೆಲೆಯೂರುವ ಕೆಲಸವೂ ನಿದ್ದೆಯಲ್ಲಿಯೇ ನಡೆಯುತ್ತದೆ. ನಿಮ್ಮ ಕಣಕಾಲು, ಏದುಸಿರು, ಮೂರು ಸಲ ತಿರುವಿದ ಪುಟ, ಇವೆಲ್ಲ ಒಂದೇ ದೂರಿನ ಮೂರು ಪ್ರತಿಗಳು.

ಇನ್ನು ಗೆಳೆಯರ ಮಾತುಗಳು. ನಾಲ್ಕು ಗಂಟೆ ನಿದ್ದೆಗೆ ದೇಹ ಒಗ್ಗುತ್ತದೆಯೇ? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆರೋಗ್ಯವಂತರನ್ನು ಗುಂಪು ಮಾಡಿ ಎರಡು ವಾರ ದಿನಕ್ಕೆ ನಾಲ್ಕು, ಆರು ಅಥವಾ ಎಂಟು ಗಂಟೆ ಮಾತ್ರ ಮಲಗಲು ಬಿಟ್ಟು, ಅವರ ಗಮನ ಮತ್ತು ನೆನಪನ್ನು ಪರೀಕ್ಷಿಸಿದರು. ನಾಲ್ಕು ಗಂಟೆಯವರಷ್ಟೇ ಅಲ್ಲ, ಆರು ಗಂಟೆಯವರ ಸಾಮರ್ಥ್ಯವೂ ದಿನದಿಂದ ದಿನಕ್ಕೆ ಇಳಿಯಿತು. ಸ್ವಾರಸ್ಯ ಇರುವುದು ಬೇರೆಡೆ: ಕೆಲವು ದಿನಗಳ ನಂತರ ಅವರಿಗೆ ತೂಕಡಿಕೆ ಹೆಚ್ಚುತ್ತಿದೆ ಎಂದು ಅನ್ನಿಸುವುದೇ ಬಹುತೇಕ ನಿಂತಿತ್ತು. ದೇಹ ಒಗ್ಗಿರಲಿಲ್ಲ, ದಣಿವನ್ನು ಅಳೆಯುವ ತಕ್ಕಡಿ ಕೆಟ್ಟಿತ್ತು. "ನನಗೆ ಅಭ್ಯಾಸವಾಗಿದೆ" ಎನ್ನುವವರನ್ನು ನಾನು ಅದಕ್ಕೇ ನಂಬುವುದಿಲ್ಲ.

ನನ್ನನ್ನೂ ಸೇರಿಸಿ. ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ ನಾನು ಸ್ನಾತಕೋತ್ತರ ಪರೀಕ್ಷೆಗೆ ಓದುತ್ತಿದ್ದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಓಡಲು ಬೆಳಗಿನ ಜಾವ ಸ್ಕೂಟರಿನಲ್ಲಿ ಹೊರಟವನು ಒಂದು ದಿನ ಕಣ್ಣು ಬಿಟ್ಟಾಗ ರಸ್ತೆ ಬದಿಯ ಮರಳಿನ ರಾಶಿಯ ಮೇಲಿದ್ದೆ. ಯಾವ ಕ್ಷಣದಲ್ಲಿ ಕಣ್ಣು ಮುಚ್ಚಿತೆಂದು ಇಂದಿಗೂ ಗೊತ್ತಿಲ್ಲ. ಯಾರೋ ಮನೆ ಕಟ್ಟಿಸುತ್ತಿದ್ದರು, ನಾನು ಬದುಕಿದೆ. ಹರಿದ ರಾತ್ರಿಯ ಮರುದಿನ ದ್ವಿಚಕ್ರ ವಾಹನ ಹತ್ತುವ ಎಲ್ಲ ಅಪ್ಪಂದಿರಿಗೂ ಇದನ್ನು ಹೇಳುತ್ತೇನೆ.

ಎರಡು ತಿಂಗಳು ಬಿಟ್ಟರೆ ಐದು ವರ್ಷದ ಶ್ರಮ ಹೋಗುತ್ತದೆಯೇ? ಇದರಲ್ಲಿ ಕಾಳಿನಷ್ಟು ನಿಜವಿದೆ, ಗುಡ್ಡದಷ್ಟು ಭಯವಿದೆ. ಪೂರ್ತಿ ನಿಲ್ಲಿಸಿದರೆ ಎರಡು ವಾರದ ಸುಮಾರಿಗೆ ದೇಹ ಆಮ್ಲಜನಕ ಬಳಸಿಕೊಳ್ಳುವ ಸಾಮರ್ಥ್ಯ ಇಳಿಯಲು ತೊಡಗುತ್ತದೆ. ಆದರೆ ಗಳಿಸುವುದಕ್ಕೆ ಬೇಕಾದ ಶ್ರಮವೂ ಗಳಿಸಿದ್ದನ್ನು ಕಾಯಲು ಬೇಕಾದ ಶ್ರಮವೂ ಒಂದೇ ಅಲ್ಲ. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಸಂಗಡಿಗರು ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದರು. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷದಂತೆ ಹತ್ತು ವಾರ ಕಠಿಣ ಓಟ, ಸೈಕಲ್ ತರಬೇತಿ ಕೊಟ್ಟು, ಆಮೇಲೆ 15 ವಾರ ಒಂದೊಂದಾಗಿ ಕಡಿತ ಮಾಡಿದರು. ಆರು ದಿನವನ್ನು ಎರಡಕ್ಕೆ ಇಳಿಸಿದರೂ ಗಳಿಸಿದ ಸಾಮರ್ಥ್ಯ ಉಳಿಯಿತು. 40 ನಿಮಿಷವನ್ನು 13ಕ್ಕೆ ಇಳಿಸಿದಾಗಲೂ ಗರಿಷ್ಠ ಸಾಮರ್ಥ್ಯ ಉಳಿಯಿತು, ದೀರ್ಘ ಹೊತ್ತು ತಾಳಿಕೊಳ್ಳುವ ಶಕ್ತಿ ಮಾತ್ರ ಸ್ವಲ್ಪ ಕುಗ್ಗಿತು. ತೀವ್ರತೆಯನ್ನು ಇಳಿಸಿದಾಗ ಮಾತ್ರ ಎಲ್ಲವೂ ಜಾರತೊಡಗಿತು. ನಿಮ್ಮಂಥವರು ಮಾಡುವುದು ಇದರ ತಲೆಕೆಳಗು. ದೂರವನ್ನು ಹಟದಿಂದ ಉಳಿಸಿಕೊಳ್ಳುತ್ತಾರೆ, ದಣಿವಿನಿಂದ ವೇಗವನ್ನು ಬಿಟ್ಟುಕೊಡುತ್ತಾರೆ. ನಿದ್ದೆಗೆಟ್ಟು ಓಡುವ 60 ಕಿ.ಮೀ. ನಿಮ್ಮನ್ನು ಗಟ್ಟಿ ಮಾಡುತ್ತಿಲ್ಲ, ಎಲುಬನ್ನು ಸವೆಸುತ್ತಿದೆ.

ಹಾರ್ಮೋನಿನ ಮಾತು ಅರ್ಧ ಸತ್ಯ. ಫಿಲಿಪ್ಪೀನ್ಸಿನ ಸೆಬು ಪ್ರದೇಶದಲ್ಲಿ 600ಕ್ಕೂ ಹೆಚ್ಚು ಯುವಕರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತಂದೆಯಾದವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನು ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಇನ್ನೂ ಕಡಿಮೆ ಇತ್ತು. ಇದು ರೋಗವಲ್ಲ, ಮಗುವಿನ ಕಡೆ ಮನಸ್ಸು ತಿರುಗಿಸಲು ದೇಹ ಮಾಡಿಕೊಳ್ಳುವ ಹೊಂದಾಣಿಕೆ. ಇದರಿಂದ ಕಿಲೋಮೀಟರಿಗೆ 40 ಸೆಕೆಂಡ್ ಹೋಗುವುದಿಲ್ಲ. ಅದನ್ನು ತಿಂದದ್ದು ನಿದ್ದೆ. ಜಿಮ್‌ಗಳಲ್ಲಿ ಮಾರುವ ಹಾರ್ಮೋನಿನ ಪುಡಿ ಮಾತ್ರೆಗಳ ಕಡೆ ನೋಡಬೇಡಿ.

ನಿಮ್ಮ ತಾಯಿಯವರ ಮಾತಿಗೂ ಉತ್ತರ ಬೇಕು. ಮಗು ಹುಟ್ಟಿದವನಿಗೆ ಓಟವೇ ಬೇಡ ಎಂಬುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಬಿಡುವುದಕ್ಕೂ ಬೆಲೆಯಿದೆ. ಐದು ವರ್ಷ ಓಡಿದ ಮನುಷ್ಯನಿಗೆ ಓಟ ಮನಸ್ಸಿನ ಔಷಧಿಯೂ ಹೌದು. ಮಗು ಹುಟ್ಟಿದ ಮೊದಲ ವರ್ಷ ಖಿನ್ನತೆ ತಾಯಿಗೆ ಮಾತ್ರ ಬರುವುದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಹತ್ತರಲ್ಲಿ ಒಬ್ಬ ತಂದೆಗೂ ಅದು ಕಂಡಿದೆ, ಮೂರರಿಂದ ಆರು ತಿಂಗಳ ನಡುವೆ ಹೆಚ್ಚು. ಗಂಡಸರಲ್ಲಿ ಅದು ಅಳುವಾಗಿ ಬರುವುದು ಕಡಿಮೆ. ಸಿಡುಕಾಗಿ, ಮೌನವಾಗಿ, ಮನೆಗೆ ತಡವಾಗಿ ಬರುವುದಾಗಿ, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಓಡುವುದಾಗಿಯೂ ಬರುತ್ತದೆ. ಮನೆಯ ಬಾಗಿಲು ದಾಟಿದ ಕೂಡಲೇ ಹಗುರವೆನಿಸಿ, ಮರಳುವಾಗ ಕಾಲು ಭಾರವಾಗುತ್ತಿದ್ದರೆ, ಎರಡು ವಾರ ಹಾಗೆಯೇ ಮುಂದುವರಿದರೆ, ಅದನ್ನು ಸೋಮಾರಿತನವೆಂದು ಬೈದುಕೊಳ್ಳಬೇಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪತ್ನಿಯವರಲ್ಲಿ ಇಂಥ ಲಕ್ಷಣ ಕಂಡರೂ ಅಷ್ಟೇ.

ಯಾವುದನ್ನು ಬಿಡಬೇಕು? ಜನವರಿಯ ಮುಂಬೈಯನ್ನು. ಓಟವನ್ನಲ್ಲ, ಈ ವರ್ಷದ ಪೂರ್ಣ ಮ್ಯಾರಥಾನನ್ನು.

ಕಾರಣ ಕ್ಯಾಲೆಂಡರಿನಲ್ಲಿಯೇ ಇದೆ. ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಮೊದಲ 42.195 ಕಿ.ಮೀ.ಗೆ 16ರಿಂದ 18 ವಾರದ ತಯಾರಿ ಬೇಕು. ಸೆಪ್ಟೆಂಬರ್ ನಡುವಿನಲ್ಲಿ ಆರಂಭಿಸಿದರೆ ಭಾನುವಾರದ ಓಟ 25 ದಾಟಿ 30 ಕಿ.ಮೀ. ಕಡೆಗೆ ಬೆಳೆಯುವುದು ನವೆಂಬರ್, ಡಿಸೆಂಬರಿನಲ್ಲಿ. ನಿಮ್ಮ ಪರೀಕ್ಷೆ ಬರುವುದೂ ಆಗಲೇ. ಮೂರು ಗಂಟೆ ಓಡಿ ಬಂದ ಭಾನುವಾರ ಮೂರು ಗಂಟೆ ಮಾತ್ರ ಹೋಗುವುದಿಲ್ಲ, ಮಧ್ಯಾಹ್ನದ ನಿದ್ದೆಯೂ ಸಂಜೆಯ ಓದೂ ಸೇರಿ ಇಡೀ ದಿನ ಹೋಗುತ್ತದೆ. ಅಂದು ಮಗು ಯಾರ ತೋಳಿನಲ್ಲಿರುತ್ತದೆಂದು ನಿಮಗೇ ಗೊತ್ತು. ಕಣಕಾಲಿನಲ್ಲಿ ಬಿರುಕಿದ್ದು ಎರಡು ತಿಂಗಳು ಹೋದರೆ ಈ ಲೆಕ್ಕವೂ ಬೇಕಿಲ್ಲ. ಶುಲ್ಕ ಹೋಗುತ್ತದೆ, ನಿಜ. ಕಟ್ಟಿದ ದುಡ್ಡಿಗಾಗಿ ಓಡಿ, ಅದರ ಹಲವು ಪಟ್ಟನ್ನು ಸ್ಕ್ಯಾನಿಂಗಿಗೆ ಸುರಿದವರನ್ನು ನಾನು ಬಲ್ಲೆ. ಮುಂಬೈ 2004ರಿಂದ ನಡೆಯುತ್ತಿದೆ, ಅದರ ಮರುವರ್ಷದ ಜನವರಿಯಲ್ಲೂ ಸಮುದ್ರದ ದಂಡೆಯಲ್ಲೇ ಇರುತ್ತದೆ. ಆಗ ನಿಮ್ಮ ಮಗು ನಡೆಯುತ್ತಿರುತ್ತದೆ, ರಾತ್ರಿ ಮಲಗಿಯೂ ಇರುತ್ತದೆ.

ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ತಳ್ಳಿ ಓಟ ಉಳಿಸಿಕೊಳ್ಳುವುದು ಇನ್ನೊಂದು ದಾರಿ. ನಿಮ್ಮ ಜಾಗದಲ್ಲಿದ್ದರೆ ನಾನು ಹಾಗೆ ಮಾಡುವುದಿಲ್ಲ. ಕೆಲಸ ಗಟ್ಟಿಯಾಗುವ ಪ್ರಶ್ನೆ ಮನೆಯ ಮೂವರಿಗೂ ಸೇರಿದ್ದು, ಮುಂದೂಡಿದಷ್ಟೂ ತಲೆಯ ಮೇಲೆ ತೂಗುತ್ತದೆ. ಎಲ್ಲವನ್ನೂ ಹೀಗೆಯೇ ಮುಂದುವರಿಸುವ ಮೂರನೆಯ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಿಮ್ಮ ಎಡಗಾಲು ಆಗಲೇ ಹೇಳುತ್ತಿದೆ.

ಈಗ ವೇಳಾಪಟ್ಟಿ. ಅದು ರಾತ್ರಿಯಿಂದ ಆರಂಭವಾಗಬೇಕು. ನಿಮ್ಮ ಮನೆಯಲ್ಲಿ ಈಗ ಮಗು ಎದ್ದಾಗಲೆಲ್ಲ ಇಬ್ಬರೂ ಏಳುತ್ತಿರಬಹುದು. ಅದು ಪ್ರೀತಿ, ಆದರೆ ದುಂದು. ಪಾಳಿ ಮಾಡಿಕೊಳ್ಳಿ. ಎಂಟು ಗಂಟೆಗೆ ನಿಮ್ಮ ಪತ್ನಿಯವರು ಮಗುವಿಗೆ ಹಾಲುಣಿಸಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ಹನ್ನೆರಡರವರೆಗೆ ಮಗು ನಿಮ್ಮದು. ನಡುವೆ ಎದ್ದರೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ಓಡಾಡುವುದು ನಿಮ್ಮ ಕೆಲಸ. ಹಸಿವಿಗೆ ಎದ್ದರೆ ಮೊದಲೇ ಹಿಂಡಿಟ್ಟ ತಾಯಿಹಾಲನ್ನು ಒಳಲೆಯಲ್ಲಿ ಕೊಡಬಹುದು. ಹಿಂಡಿದ ಹಾಲು ಕೋಣೆಯ ಸಾಧಾರಣ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಒಳಲೆಯನ್ನು ಪ್ರತಿ ಸಲ ಕುದಿಸಿ, ಕೊಡುವ ರೀತಿಯನ್ನು ಮಕ್ಕಳ ವೈದ್ಯರ ಬಳಿ ಒಮ್ಮೆ ತೋರಿಸಿಕೊಳ್ಳಿ. ಈ ಕೆಲಸ ನಿಮ್ಮ ತಾಯಿಯವರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿಂಡುವುದು ಆಗದೆ ಹೋದರೆ ನಡುವೆ ಒಂದು ಸಲ ಮಗುವನ್ನು ಪತ್ನಿಯವರ ಮಗ್ಗುಲಿಗೆ ಕೊಟ್ಟು, ಹಾಲು ಕುಡಿದ ಕೂಡಲೇ ವಾಪಸು ಎತ್ತಿಕೊಂಡು ಬನ್ನಿ. ಹನ್ನೆರಡರಿಂದ ಆರರವರೆಗೆ ಮಗು ಅವರ ಬಳಿ, ನೀವು ಬೇರೆ ಕೋಣೆಯಲ್ಲಿ. ಆರಕ್ಕೆ ಎದ್ದು ಮತ್ತೆ ಮಗುವನ್ನು ನೀವು ತೆಗೆದುಕೊಂಡರೆ ಅವರಿಗೆ ಇನ್ನೊಂದೂವರೆ ಗಂಟೆ ನಿದ್ದೆ.

ನಿಮಗೆ ಸಿಗುವುದು ಒಂದೇ ಸಮನೆ ಆರು ಗಂಟೆ. ಆರು ಸಾಲದು ಎಂದು ಮೇಲೆ ನಾನೇ ಬರೆದಿದ್ದೇನೆ. ಏಳು ಈಗ ಆಗದ ಮಾತು. ಉಳಿದದ್ದನ್ನು ಹಗಲಿನಲ್ಲಿ ಹೆಕ್ಕಿಕೊಳ್ಳಬೇಕು: ಸಂಜೆ ಬಸ್ಸಿನಲ್ಲಿ 20 ನಿಮಿಷ, ಭಾನುವಾರ ಮಧ್ಯಾಹ್ನ ಪೂರ್ತಿ ಒಂದು ಸುತ್ತು. ಮಧ್ಯಾಹ್ನ ಮೂರರ ನಂತರ ಚಹಾ, ಕಾಫಿ ಬೇಡ. ಕೆಫೀನಿನ ಅರ್ಧದಷ್ಟು ಭಾಗ ಐದು ಗಂಟೆ ಕಳೆದರೂ ರಕ್ತದಲ್ಲಿರುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಸ್ವಲ್ಪ ಸರಿಹೋದ ಮಗುವಿನ ನಿದ್ದೆ ಮತ್ತೆ ಕೆಡಬಹುದು, ಕಂಗೆಡಬೇಡಿ. ಆರು ತಿಂಗಳ ಸುಮಾರಿಗೆ ಬಹುತೇಕ ಮಕ್ಕಳ ರಾತ್ರಿ ಉದ್ದವಾಗುತ್ತದೆ. ಈ ಪಾಳಿ ಬೇಕಾಗುವುದು ಎರಡು ಮೂರು ತಿಂಗಳ ಮಟ್ಟಿಗೆ.

ನಿಮ್ಮ ಪಾಳಿಯಲ್ಲಿ ಒಂದು ವಿಷಯದಲ್ಲಿ ರಾಜಿ ಬೇಡ. ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಸೋಫಾದಲ್ಲಿ ಒರಗಬೇಡಿ. ದಣಿದ ಅಪ್ಪ ಹಾಗೆಯೇ ನಿದ್ದೆಹೋಗುತ್ತಾನೆ, ಮಗು ಸೋಫಾದ ಸಂದಿಗೆ ಜಾರಿ ಉಸಿರುಗಟ್ಟುತ್ತದೆ. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿಬಿಡಿ. ಅತ್ತರೂ ಪರವಾಗಿಲ್ಲ.

ಓದಿಗೆ ದಿನಕ್ಕೆ ಮೂರು ಗಂಟೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಕೆ-ಸೆಟ್ ಎಂದರೆ ಎರಡು ಪತ್ರಿಕೆ ಸೇರಿ ಮೂರು ಗಂಟೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು. ಪ್ರಬಂಧ ಬರೆಯುವ ಓದಿಗೆ ಉದ್ದನೆಯ ಏಕಾಂತ ಬೇಕು, ಇಂಥ ಪರೀಕ್ಷೆಯ ಓದನ್ನು ತುಂಡು ಮಾಡಬಹುದು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತೀರಾದರೆ ಬೆಳಗಿನ ಆ ಮುಕ್ಕಾಲು ಗಂಟೆ ನಿಮ್ಮ ಅತ್ಯುತ್ತಮ ಹೊತ್ತು. ಚಿಗರಿ ಓಡಲಿ, ನೀವು ಕುಳಿತು ಓದಿ. ಓದುವುದೆಂದರೆ ಟಿಪ್ಪಣಿಯ ಮೇಲೆ ಕಣ್ಣಾಡಿಸುವುದಲ್ಲ. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಇನ್ನೊಂದಕ್ಕೆ ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆಯಲು ಹೇಳಿದರು. ಐದು ನಿಮಿಷದ ನಂತರ ಮೊದಲ ಗುಂಪು ಮುಂದಿತ್ತು, ಒಂದು ವಾರದ ನಂತರ ಎರಡನೆಯದು. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು, ಉತ್ತರ ಮುಚ್ಚಿಟ್ಟುಕೊಂಡು ಬಿಡಿಸಿ, ತಪ್ಪಿದ್ದನ್ನು ಮೂರು ದಿನ ಬಿಟ್ಟು ಮತ್ತೆ ಕೇಳಿಕೊಳ್ಳಿ. ರಾತ್ರಿಯ ಪಾಳಿಯಲ್ಲಿ ಮಗು ಮಲಗಿದಾಗ ಇನ್ನೊಂದು ಗಂಟೆ ಸಿಕ್ಕರೆ ಆಯಿತು, ಸಿಗದಿದ್ದರೂ ಆಯಿತು. ಓಡುತ್ತಾ ಪಾಠದ ಧ್ವನಿಮುದ್ರಿಕೆ ಕೇಳುವ ಉಪಾಯವನ್ನು ನಾನೂ ಮಾಡಿ ನೋಡಿದ್ದೇನೆ. ಓಟವೂ ಕೆಟ್ಟಿತು, ಪಾಠವೂ ತಲೆಗೆ ಹೋಗಲಿಲ್ಲ.

ಕಾಲು ಸರಿಯಾದ ಮೇಲೆ ಓಟ ವಾರಕ್ಕೆ ಮೂರು ದಿನ. ಬೆಳಗಿನ ಜಾವದ ಓಟವೇ ಓಟ ಎಂಬ ನಂಬಿಕೆ ನಮ್ಮ ಓಟಗಾರರಲ್ಲಿ ಗಟ್ಟಿಯಾಗಿದೆ, ಅದಕ್ಕೆ ಬಿಸಿಲು ಮತ್ತು ವಾಹನಗಳು ಕಾರಣವೇ ಹೊರತು ದೇಹವಲ್ಲ. ಮೈಯ ಉಷ್ಣತೆ ಮೇಲೇರಿ ಸ್ನಾಯುಗಳು ಚೆನ್ನಾಗಿ ಕೆಲಸ ಮಾಡುವುದು ಇಳಿಹಗಲಿನಲ್ಲಿ. ಮಂಗಳವಾರ ಮತ್ತು ಗುರುವಾರ ಕಾಲೇಜು ಮುಗಿಸಿ ಬರುವಾಗ ಉಣಕಲ್ಲಿನಲ್ಲಿ ಇಳಿದು, ಕೆರೆಯ ಬಳಿ 40 ನಿಮಿಷ ಓಡಿ, ಮುಂದಿನ ಬಸ್ಸು ಹಿಡಿಯಿರಿ. ಮನೆ ಮುಟ್ಟಿ, ಮಗುವಿನ ಮುಖ ನೋಡಿ ಮತ್ತೆ ಹೊರಡುವುದು ಕಷ್ಟ, ಮನೆಯವರಿಗೆ ಅದು ಚುಚ್ಚುತ್ತದೆ ಕೂಡ. ಮಂಗಳವಾರ ಜೋರಿನ ದಿನ: ಹತ್ತು ನಿಮಿಷ ನಿಧಾನ, ಆಮೇಲೆ ನಾಲ್ಕು ನಿಮಿಷ ಜೋರು ಮತ್ತು ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು. ಗುರುವಾರ ಮಾತನಾಡುತ್ತಾ ಓಡುವಷ್ಟು ಹಗುರ. ಭಾನುವಾರ ಬೆಳಕು ಹರಿದ ಮೇಲೆ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಗಂಟೆ, ಮುಂದೆ ಒಂದೂವರೆ ಗಂಟೆ. ಒಟ್ಟು 25 ಕಿ.ಮೀ. ಆಸುಪಾಸು. ಬಿಡುವಿನ ನಂತರ ಮರಳುವಾಗ ಮೊದಲ ಮೂರು ವಾರ ಜೋರಿನ ದಿನವನ್ನು ಬಿಟ್ಟುಬಿಡಿ. ಯಾವ ಒಂದು ಓಟವೂ ಹಿಂದಿನ ಒಂದು ತಿಂಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳೆಯದಿರಲಿ.

ಹಿಂದಿನ ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾಗಿದ್ದರೆ ಜೋರಿನ ಓಟ ಹಗುರವಾಗುತ್ತದೆ. ಎರಡನೆಯ ರಾತ್ರಿಯೂ ಹಾಗಾದರೆ ಅಂದಿನ ಓಟವೇ ಇಲ್ಲ, ಆ 40 ನಿಮಿಷ ಮಲಗಿ. ತಪ್ಪಿದ ಓಟವನ್ನು ಮರುದಿನಕ್ಕೆ ಸೇರಿಸಬೇಡಿ. ಬೆಳಿಗ್ಗೆ ಎದ್ದ ಕೂಡಲೇ ನೋಡುವ ನಾಡಿಬಡಿತ ನಿಮ್ಮ ವಾಡಿಕೆಗಿಂತ ಏಳೆಂಟು ಹೆಚ್ಚಾಗಿ ಮೂರು ದಿನ ಉಳಿದರೆ ಒಂದು ವಾರ ನಡಿಗೆ ಸಾಕು.

ಮಗುವನ್ನು ಎದೆಗೆ ಕಟ್ಟಿಕೊಂಡು ಅಥವಾ ತಳ್ಳುಗಾಡಿಯಲ್ಲಿ ಕೂರಿಸಿ ಓಡುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿರುತ್ತೀರಿ. ಎದೆಗೆ ಕಟ್ಟಿಕೊಂಡು ಎಂದೂ ಓಡಬಾರದು. ಗಾಡಿಯೂ ಕುತ್ತಿಗೆ ಪೂರ್ತಿ ನಿಲ್ಲುವ ಆರರಿಂದ ಎಂಟು ತಿಂಗಳವರೆಗೆ ಬೇಡ. ಆಮೇಲೂ ನಮ್ಮ ರಸ್ತೆಗಳಲ್ಲಿ ನಾನಂತೂ ಹೇಳಲಾರೆ. ಎತ್ತಿಕೊಂಡು ಬಿರುಸಿನ ನಡಿಗೆ ಮಾಡಿ, ಅದೂ ವ್ಯಾಯಾಮವೇ. ಮಗುವನ್ನು ಎತ್ತುವಾಗ ಹೆಬ್ಬೆರಳನ್ನು ಅಗಲಿಸಿ ಕಂಕುಳಿಗೆ ಕೊಟ್ಟು ಎತ್ತಬೇಡಿ. ಆ ಭಂಗಿಯಿಂದ ಮಣಿಕಟ್ಟಿನ ಸ್ನಾಯುರಜ್ಜು ಬಾತು ನನ್ನಲ್ಲಿಗೆ ಬರುವ ಅಪ್ಪಂದಿರೂ ಇದ್ದಾರೆ. ಅಂಗೈಯನ್ನು ಮಗುವಿನ ಕೆಳಗೆ ತೂರಿಸಿ ಎತ್ತಿ.

ಕೊನೆಗೆ ನಿಮ್ಮ ಪತ್ನಿಯವರ ಪ್ರಶ್ನೆ. ಅವರು ಓಟ ನಿಲ್ಲಿಸಿ ಎಂದಿಲ್ಲ, ಓದಬೇಡಿ ಎಂದಿಲ್ಲ. ಯಾವಾಗ ಮಲಗಲಿ ಎಂದು ಕೇಳಿದ್ದಾರೆ. ಉತ್ತರವೂ ಒಂದು ಹೊತ್ತೇ ಆಗಿರಬೇಕು: ರಾತ್ರಿ ಎಂಟರಿಂದ ಹನ್ನೆರಡು, ಬೆಳಿಗ್ಗೆ ಆರರಿಂದ ಏಳೂವರೆ. ಜೊತೆಗೆ, ನಿಮಗೆ ವಾರಕ್ಕೆ ಮೂರು ಸಲ ಮನೆಯಿಂದ ಹೊರಗಿನ ಹೊತ್ತು ಸಿಗುವುದಾದರೆ ಅವರಿಗೂ ಮೂರು ಸಲ ಸಿಗಬೇಕು. ಅದರಲ್ಲಿ ಅವರು ವಾಕಿಂಗ್ ಹೋಗಲಿ, ಗೆಳತಿಯ ಮನೆಗೆ ಹೋಗಲಿ, ಸುಮ್ಮನೆ ಕುಳಿತಿರಲಿ, ಲೆಕ್ಕ ಕೇಳಬೇಡಿ. ಅವರಿಗೂ ಓಡುವ ಆಸೆಯಿದ್ದರೆ, ಹೆರಿಗೆಯಾಗಿ 12 ವಾರ ಕಳೆದಿರುವುದರಿಂದ ನಡಿಗೆಯಿಂದ ಮೆಲ್ಲನೆ ಆರಂಭಿಸಬಹುದು. ಕೆಮ್ಮಿದಾಗ ಮೂತ್ರ ಸೋರುವುದು, ಕೆಳಹೊಟ್ಟೆಯಲ್ಲಿ ಭಾರವೆನಿಸುವುದು ಇದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಲಿ. "ಹೆತ್ತವರಿಗೆಲ್ಲ ಇದು ಇದ್ದದ್ದೇ" ಎಂದು ಹಿರಿಯರು ಹೇಳಿ ಸುಮ್ಮನಾಗಿಸುತ್ತಾರೆ, ಅದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ.

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ, ಖಾಸಗಿ ಕಾಲೇಜಿನವರಿಗೆ ಕಾನೂನಿನ ಪ್ರಕಾರ ಅಂಥದ್ದೇನೂ ಇಲ್ಲ. ನಿಮ್ಮ ಗಳಿಕೆ ರಜೆಯಲ್ಲಿ ನಾಲ್ಕು ದಿನ ಉಳಿದಿದ್ದರೆ ಪರೀಕ್ಷೆಗೆಂದು ಕೂಡಿಡಬೇಡಿ, ಈ ವಾರವೇ ಹಾಕಿ. ಒಂದು ದಿನ ಮೂಳೆ ತಜ್ಞರ ಬಳಿಗೆ, ಉಳಿದ ಮೂರು ದಿನ ರಾತ್ರಿಯ ಪಾಳಿ ಕುದುರಿಸಲು. ವೈದ್ಯರ ವರದಿ ಬಂದ ಮೇಲೆ ನನಗೆ ಬರೆಯಿರಿ, ಬಿರುಕಿದ್ದರೆ ಓಟಕ್ಕೆ ಮರಳುವ ಕ್ರಮ ಬೇರೆಯಾಗುತ್ತದೆ. ಸದ್ಯಕ್ಕೆ ಮೊಬೈಲ್ ತೆಗೆದು 4.45ರ ಅಲಾರಂ ಅಳಿಸಿಹಾಕಿ.